ಎಡಗಡೆಯ ದನಿ

ನಮ್ಮ ಭಾವನಷ್ಟು ಪುಕ್ಕಲು ಮನುಷ್ಯ ನನಗೆ ಇನ್ನೊಬ್ಬ ಸಿಕ್ಕಿಲ್ಲ. ಗೇಲಿಗೆ ಹೇಳುತ್ತಿಲ್ಲ, ಅವರೇ ಎಷ್ಟೋ ಸಲ ಒಪ್ಪಿಕೊಂಡ ಮಾತು. ಅಂಗಡಿಯೊಳಕ್ಕೆ ಯಾರಾದರೂ ಕಾಫಿ ಲೋಟ ಹಿಡಿದು ಬಂದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಮಗುವನ್ನು ಎತ್ತಿಕೊಂಡು ಬಂದವರನ್ನಂತೂ ಎರಡೂ ಕೈ ಅಡ್ಡ ಹಿಡಿದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಮ್ಮಿಬ್ಬರ ಅಂಗಡಿಗಳೂ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ. ಈಚೆ ನನ್ನ ಬೀಗದ ಕೈ ಅಂಗಡಿ, ಆಚೆ ಭಾವನದು, ನಡುವೆ ಹಲಗೆಯ ಗೋಡೆ. ತಲೆಯ ಮೇಲೆ ಯಾರಾದರೂ ದಡದಡ ಇಳಿದರೆ ಸಾಕು, ಭಾವ ಓಡುತ್ತಿರುವ ರೆಕಾರ್ಡಿನ ಮೇಲಿಂದ ಸೂಜಿಯನ್ನು ಎತ್ತಿ ಹಿಡಿದುಬಿಡುತ್ತಿದ್ದರು. ಹಾಡು ಅರ್ಧಕ್ಕೆ ನಿಂತರೆ ಮೇಲಿನ ಮನೆಯವರು ಯಾರೋ ಹೊರಟರು ಅಂತ ನಾನು ಇಲ್ಲಿಂದಲೇ ತಿಳಿದುಕೊಳ್ಳುತ್ತಿದ್ದೆ.

ಅವರ ಕೆಲಸ ರೆಕಾರ್ಡ್ ಪ್ಲೇಯರುಗಳ ರಿಪೇರಿ, ಅದರಲ್ಲೂ ಮುಖ್ಯವಾಗಿ ಸೂಜಿ ಬದಲಾಯಿಸುವುದು. ಬೀದಿಗೆಲ್ಲ ಅವರು ಸೂಜಿಯಪ್ಪ. ನನ್ನಕ್ಕ, ಅಂದರೆ ಅವರ ಹೆಂಡತಿ, ಆಸ್ಪತ್ರೆಯವರಿಗೆ ಏಪ್ರನ್ ಹೊಲಿಯುತ್ತಿದ್ದಳು. "ನಮ್ಮ ಮನೇಲಿ ಇಬ್ಬರದೂ ಸೂಜಿ ಕೆಲಸಾನೇ. ನನ್ನ ಸೂಜಿ ಮುರಿದ್ರೆ ಇನ್ನೊಂದು ಹಾಕ್ಕೋತೀನಿ, ಇವರದು ಮುರಿದ್ರೆ ಊಟ ಬಿಟ್ಟು ಮಲಗ್ತಾರೆ" ಅನ್ನುವಳು. ಭಾವ ನಕ್ಕು ಸುಮ್ಮನಾಗುವರು.

ಆದರೆ ಅವರ ಕಿವಿಯ ವಿಷಯ ಬಂದಾಗ ಯಾರೂ ನಗುತ್ತಿರಲಿಲ್ಲ. ಗಿರಾಕಿ ಪ್ಲೇಯರ್ ತಂದಿಟ್ಟು, "ಏನೋ ಸರಿಯಿಲ್ಲ" ಅಂದರೆ ಭಾವ ಕಣ್ಣು ಮುಚ್ಚಿ ಅರ್ಧ ಹಾಡು ಕೇಳುವರು. ಸೂಜಿ ಒಂದು ಪಕ್ಕಕ್ಕೆ ವಾಲಿದೆಯೋ, ಮೊನೆ ಸವೆದಿದೆಯೋ, ಭಾರ ಹೆಚ್ಚಾಗಿದೆಯೋ, ಕಣ್ಣು ತೆರೆಯುವ ಮೊದಲೇ ಹೇಳಿಬಿಡುವರು. ಜೀವನದಲ್ಲಿ ಅವರಿಗೆ ಹೆದರಿಕೆಯಿಲ್ಲದೆ ನಂಬಲು ಇದ್ದದ್ದು ಅದೊಂದೇ, ಆ ಕಿವಿ.

ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಇಬ್ಬರು ಮುದುಕಿಯರು ಬಂದರು. ದಪ್ಪಗಿದ್ದವಳು ಒಂದು ರೆಕಾರ್ಡನ್ನು ದಿಂಬಿನ ಕವರಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಅವಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಜತೆಗೆ ಬಂದವಳು ಉದ್ದಕ್ಕೆ, ಸಣ್ಣಕ್ಕೆ, ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳನ್ನು ದೊಡ್ಡಮ್ಮ ಕರೆಯುತ್ತಿದ್ದದ್ದು ಕೊಕ್ಕರೆ ಅಂತ. ಇಬ್ಬರೂ ಹರೆಯದಿಂದ ಒಂದೇ ನೂಲಿನ ಗಿರಣಿಯಲ್ಲಿ ಅಕ್ಕಪಕ್ಕದ ಯಂತ್ರಗಳ ಮುಂದೆ ನಿಂತು ದುಡಿದವರು.

"ನೋಡಪ್ಪಾ, ನೀನು ನ್ಯಾಯ ಹೇಳ್ಬೇಕು" ಅಂದಳು ದೊಡ್ಡಮ್ಮ. ಅವಳ ದನಿ ಬೀಗದ ಕೈ ಕೊರೆಯುವ ನನ್ನ ಯಂತ್ರದ ಸದ್ದನ್ನೂ ಮೀರಿ ಹಲಗೆ ದಾಟಿ ಬಂತು.

ವಿಷಯ ಇಷ್ಟೇ. ಗಿರಣಿಯ ಹೆಂಗಸರದೊಂದು ಹಾಡಿನ ಗುಂಪಿತ್ತು. ಮಾಲೀಕರು ಖುಷಿಯಾಗಿ ಒಮ್ಮೆ ಅದನ್ನು ರೆಕಾರ್ಡು ಮಾಡಿಸಿದ್ದರು. ಪ್ರತಿಗಳು ಕಡಿಮೆ. ಗಿರಣಿಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಉಳಿದವೂ ಹೋದವು. ಇವರಿಬ್ಬರೂ ಪಾಲಿನಲ್ಲಿ ಇಟ್ಟುಕೊಂಡ ಇದೊಂದು ಮಾತ್ರ ಉಳಿದಿತ್ತು. ಅದರ ಎರಡನೇ ಮಗ್ಗುಲಿನ ಕೊನೆಯ ಹಾಡಿನಲ್ಲಿ, ಎಲ್ಲರ ದನಿ ನಿಂತ ಮೇಲೂ ಒಂದೇ ಒಂದು ದನಿ ಮೇಲೇರುತ್ತಾ ಹೋಗಿ ತುದಿಯಲ್ಲಿ ನಿಲ್ಲುತ್ತದೆ. ಆ ದನಿ ನನ್ನದು ಅಂತ ದೊಡ್ಡಮ್ಮ, ನನ್ನದು ಅಂತ ಕೊಕ್ಕರೆ. ಇಬ್ಬರೂ ಒಬ್ಬನೇ ಮೇಷ್ಟ್ರ ಹತ್ತಿರ ಕಲಿತವರು, ಕಂಠ ಒಂದೇ ಅಚ್ಚು. ಎಡಗಡೆಯ ಮೈಕಿನ ಮುಂದೆ ಕೊಕ್ಕರೆ, ಬಲಗಡೆಯದರ ಮುಂದೆ ದೊಡ್ಡಮ್ಮ ನಿಂತಿದ್ದರು, ಅದಕ್ಕೆ ಇಬ್ಬರದೂ ತಕರಾರಿಲ್ಲ. ದನಿ ಯಾವ ಕಡೆಯಿಂದ ಬರುತ್ತದೆ ಅಂತ ಹೇಳಿದರೆ ಮುಗಿಯಿತು. ಆದರೆ ದೊಡ್ಡಮ್ಮನ ಮನೆಯ ಪ್ಲೇಯರಿನಲ್ಲಿ ಆ ಜಾಗ ಬಂದಾಗ ಕೇಳುವುದು ಬರೀ ಚರ್ರನೆಯ ಸದ್ದು. ಮೇಲಾಗಿ ಗಿರಣಿಯ ಗದ್ದಲ ಇಬ್ಬರ ಕಿವಿಯನ್ನೂ ಅರೆದುಹಾಕಿತ್ತು. ಹಾಡು ಕೇಳುತ್ತಿತ್ತು, ಯಾವ ಮೂಲೆಯಿಂದ ಅಂತ ತಿಳಿಯುತ್ತಿರಲಿಲ್ಲ.

"ಈಗ್ಯಾಕಮ್ಮ ಇದ್ದಕ್ಕಿದ್ದಂಗೆ?" ಅಂತ ಭಾವ ಕೇಳಿದರು.

ಕೊಕ್ಕರೆ ಕತ್ತಿನ ಬಟ್ಟೆಯನ್ನು ಒಂದಿಷ್ಟು ಸರಿಸಿ ತೋರಿಸಿದಳು. ಗಂಟಲಿನ ಆಪರೇಷನ್ನಿನ ಗುರುತು. ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. "ಇನ್ನೊಂದ್ಸಲ ಕುಯ್ತಾರಂತೆ" ಅಂದಳು. "ಅದಕ್ಕೂ ಮುಂಚೆ ಗೊತ್ತಾಗ್ಲಿ ಅಂತ."

ಭಾವ ರೆಕಾರ್ಡನ್ನು ದೀಪದ ಕೆಳಗಿಟ್ಟು ಭೂತಗನ್ನಡಿಯಲ್ಲಿ ನೋಡಿದರು. ಹೊರಗಿನ ಹಾಡುಗಳ ಗೀರುಗಳು ಕಪ್ಪಗೆ ಮಿನುಗುತ್ತಿದ್ದವು. ನಡುವಿನ ಚೀಟಿಗೆ ಹತ್ತಿರದ ಗೀರುಗಳು ಮಾತ್ರ ಬೂದಿ ಬಳಿದ ಹಾಗೆ ಮಂಕಾಗಿದ್ದವು.

"ನೋಡಿ ಅಮ್ಮ" ಅಂದರು. "ಗೀರು ಅಂದ್ರೆ ಎರಡು ಗೋಡೆ ಮಧ್ಯದ ಓಣಿ. ಎಡಗೋಡೇಲಿ ಎಡಗಡೆ ದನಿ, ಬಲಗೋಡೇಲಿ ಬಲಗಡೆ ದನಿ. ನಿಮ್ಮನೇದು ದುಂಡು ಮೊನೆ, ಗೋಲಿ ಥರ. ಹೊರಗಡೆ ತಿರುವು ವಿಶಾಲವಾಗಿರುತ್ತೆ, ಗೋಲಿ ಆರಾಮಾಗಿ ಹೋಗುತ್ತೆ. ಒಳಗೆ ಬರ್ತಾ ಬರ್ತಾ ತಿರುವು ಒತ್ತೊತ್ತಾಗುತ್ತೆ. ಆ ಸಂದಿಗೆ ಗೋಲಿ ಇಳಿಯಲ್ಲ, ಗೋಡೇನ ಉಜ್ಜಿಕೊಂಡು ಹೋಗುತ್ತೆ. ಅದೇ ನಿಮಗೆ ಕೇಳೋ ಚರ್ ಅನ್ನೋ ಸದ್ದು."

"ಹಾಗಾದ್ರೆ ಬೇರೆ ಮೊನೆ ಹಾಕು" ಅಂದಳು ದೊಡ್ಡಮ್ಮ.

"ಎರಡಿದಾವೆ. ಒಂದು ಮೊಟ್ಟೆಯಾಕಾರದ್ದು. ಪಕ್ಕದಲ್ಲಿ ತೆಳ್ಳಗಿರುತ್ತೆ, ಸಂದಿಗೆ ಸುಮಾರಾಗಿ ಇಳಿಯುತ್ತೆ. ಇನ್ನೊಂದು ಅಲಗಿನಂಥದ್ದು. ಗೋಡೆಗೆ ಮೇಲಿಂದ ಕೆಳಗಿನ ತನಕ ಒರಗಿಕೊಂಡು ಹೋಗುತ್ತೆ, ಹಳೇ ಸೂಜಿ ಯಾವತ್ತೂ ಮುಟ್ಟದ ಜಾಗಾನ ಮುಟ್ಟುತ್ತೆ."

"ಮತ್ತೆ ಅದನ್ನೇ ಹಾಕಪ್ಪಾ, ಯಾಕೆ ಸುತ್ತಿಬಳಸಿ ಮಾತು?"

"ಬೇಡಮ್ಮ" ಅಂದರು ಭಾವ. ಅವರ ದನಿ ಇಳಿದಿತ್ತು. "ಅದು ಕೂದಲೆಳೆಯಷ್ಟು ಸೊಟ್ಟ ಕೂತ್ರೂ ಸೂಜಿ ಅಲ್ಲ, ಉಳಿ. ಗೋಡೇನೇ ಕೆತ್ತಿಹಾಕುತ್ತೆ. ಇರೋದೊಂದು ರೆಕಾರ್ಡು. ನನ್ನ ಕೈಯಾರೆ ಹಾಳಾದ್ರೆ ನಾನು ಬದುಕಿರಲ್ಲ."

ಹಾಗೆ ಮೊಟ್ಟೆಯಾಕಾರದ ಮೊನೆ ಗೊತ್ತಾಯಿತು. ಅದನ್ನು ಕೂರಿಸಲು ಭಾವ ಆ ದಿನವೆಲ್ಲ ತೆಗೆದುಕೊಂಡರು. ಮರುದಿನ ಇಬ್ಬರನ್ನೂ ಸ್ಪೀಕರುಗಳ ಮುಂದೆ ಕೂರಿಸಿ, ನನಗೆ ಯಂತ್ರ ನಿಲ್ಲಿಸು ಅಂತ ಹಲಗೆ ತಟ್ಟಿ, ಕೊನೆಯ ಹಾಡಿನ ಮೇಲೆ ಸೂಜಿ ಇಳಿಸಿದರು. ನಾನು ಈ ಕಡೆ ಕೂತು ಕೇಳಿದೆ. ಹತ್ತಾರು ಹೆಂಗಸರ ದನಿ ಒಟ್ಟಿಗೆ ಬಂದು, ಒಟ್ಟಿಗೆ ನಿಂತಿತು. ಆಮೇಲೆ ಆ ಒಂದು ದನಿ. ಒರಟಾಗಿ, ಗರಗರ ಅನ್ನುತ್ತಾ, ಆದರೂ ಏರುತ್ತಲೇ ಹೋಯಿತು. ಹಲಗೆಯ ಆಚೆಯಿಂದ ಬಂದ ಸದ್ದಿಗೆ ಎಡಬಲ ಇರುವುದಿಲ್ಲವಲ್ಲ, ನನಗೆ ಏನೂ ತಿಳಿಯಲಿಲ್ಲ. ಮೈ ಜುಮ್ಮೆಂದಿತು, ಅಷ್ಟೇ.

"ಬಲಗಡೆ" ಅಂದರು ಭಾವ. "ಅನುಮಾನಾನೇ ಇಲ್ಲ. ಬಲಗಡೆಯಿಂದಾನೇ ಬಂತು."

ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. "ಹೇಳಿರಲಿಲ್ವೇನೇ? ಹೇಳಿರಲಿಲ್ವಾ?" ಕೊಕ್ಕರೆ ಕತ್ತಿನ ಬಟ್ಟೆಯನ್ನು ಸರಿಮಾಡಿಕೊಂಡು, "ಆಯ್ತು ಬಿಡು" ಅಂತ ಪಿಸುಗುಟ್ಟಿ ಎದ್ದಳು. ಗೆದ್ದವರಿಗೆ ರೆಕಾರ್ಡು ಅಂತ ಅವರಲ್ಲಿ ಮೊದಲೇ ಮಾತಾಗಿತ್ತಂತೆ. ದೊಡ್ಡಮ್ಮ ಅದನ್ನು ದಿಂಬಿನ ಕವರಿಗೆ ಸೇರಿಸಿಕೊಂಡು ಹೊರಬಂದಾಗ ಕೊಕ್ಕರೆ ಆಗಲೇ ಬೀದಿಯ ತಿರುವಿನಲ್ಲಿದ್ದಳು. ಯಾರೋ ಹಿಂದಿನಿಂದ ಓಡಿಸುತ್ತಿದ್ದಾರೆ ಅನ್ನುವ ಹಾಗೆ ಹೋಗುತ್ತಿದ್ದಳು.

ಮುಂದಿನ ವಾರ ಒಬ್ಬ ಗಿರಾಕಿಯ ಹೊಸ ಪ್ಲೇಯರ್ ಬಂತು. ಭಾವ ಅದನ್ನು ಹಾಡಿಸಿ ಹುಬ್ಬು ಗಂಟಿಕ್ಕಿದರು. ಎಡಗಡೆ ದನಿ ಸತ್ತಿದೆ ಅಂದರು. ಇಂಥ ದೋಷ ಹುಡುಕುವುದಕ್ಕೆ ಅವರದೊಂದು ಕ್ರಮವಿತ್ತು. ಸೂಜಿಯ ಹಿಂದಿನ ತಂತಿಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಬೇಕು. ದೋಷ ಬಲಕ್ಕೆ ಹೋದರೆ ತಪ್ಪು ಸೂಜಿಯ ಕಡೆಯದು. ಎಡದಲ್ಲೇ ಉಳಿದರೆ ಮುಂದಿನದ್ದನ್ನು ನೋಡಬೇಕು. ತಂತಿ ಬದಲಾಯಿಸಿದರು. ದೋಷ ಎಡದಲ್ಲೇ ಉಳಿಯಿತು. ಆಂಪ್ಲಿಫೈಯರಿನ ತಂತಿ ಬದಲಾಯಿಸಿದರು. ಎಡದಲ್ಲೇ. ಸ್ಪೀಕರುಗಳನ್ನೇ ಎತ್ತಿ ಅದಲು ಬದಲು ಮಾಡಿದರು. ಭಾರ ಹಿಡಿಯಲು ನಾನೂ ಹೋಗಿದ್ದೆ. ಎಡದಲ್ಲೇ.

"ಭಾವ, ನನಗೆ ಎರಡೂ ಕಡೆ ಚೆನ್ನಾಗೇ ಕೇಳ್ತಿದೆಯಲ್ಲ?" ಅಂದೆ.

ಅವರು ನನ್ನ ಮುಖ ನೋಡಿದರು. ಕುರ್ಚಿಯನ್ನು ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತರು. ಈಗ ಬಲದ ಸ್ಪೀಕರು ಅವರ ಎಡಕ್ಕೆ ಬಂದಿತ್ತು. ಹಾಡು ಓಡುತ್ತಿತ್ತು. ಅವರು ನಿಧಾನವಾಗಿ ಬಲಗೈ ಎತ್ತಿ ಬಲಗಿವಿಯನ್ನು ಮುಚ್ಚಿಕೊಂಡರು. ಹಾಗೇ ಕೂತಿದ್ದರು. ಅವರ ಕುತ್ತಿಗೆಯ ಮೇಲೆ ಬೆವರು ಮೂಡಿದ್ದು ನನಗೆ ಹಿಂದಿನಿಂದ ಕಾಣಿಸಿತು.

"ಆಯ್ತಾ ಹಾಡು?" ಅಂದರು ಸ್ವಲ್ಪ ಹೊತ್ತಿನ ಮೇಲೆ.

ಹಾಡು ಇನ್ನೂ ಜೋರಾಗಿ ಓಡುತ್ತಲೇ ಇತ್ತು.

ಆಮೇಲೆ ಒಂದೊಂದೇ ಹೊರಬಂತು. ಎಷ್ಟೋ ತಿಂಗಳಿನಿಂದ ಅವರು ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದರು. ತಮ್ಮ ಆಂಪ್ಲಿಫೈಯರಿನ ಗುಂಡಿಯನ್ನು ಎಡಗಡೆ ಜೋರಾಗುವ ಹಾಗೆ ಯಾವಾಗ ತಿರುಗಿಸಿದರೋ ಅವರಿಗೇ ಗೊತ್ತಿರಲಿಲ್ಲ. ಟ್ಯೂಬ್‌ಲೈಟು ಗುಂಯ್ ಅನ್ನುತ್ತದೆ ಅಂತ ಅದನ್ನು ಬದಲಾಯಿಸಿಯೂ ಇದ್ದರು. ನಾನು ಹೋಗಿ ದೀಪ ಆರಿಸಿದೆ. "ಈಗ?" ಅಂದೆ. "ಈಗಲೂ ಇದೆ" ಅಂದರು. ಆ ಗುಂಯ್ ದೀಪದ್ದಲ್ಲ, ಅವರ ಕಿವಿಯೊಳಗಿನದು.

"ನಮ್ಮ ದೊಡ್ಡಪ್ಪನಿಗೂ ಹಿಂಗೇ ಕಣೋ" ಅಂದರು ಭಾವ. "ಮೊದಲು ಒಂದು ಕಿವಿ ಮಂದವಾಯ್ತು. ಆಮೇಲೆ ತಲೆನೋವು ಅಂದ. ತಲೇಲಿ ಗಡ್ಡೆ. ಆ ವರ್ಷ ದಾಟಲಿಲ್ಲ." ನನ್ನ ತೋಳು ಹಿಡಿದುಕೊಂಡರು. "ನಿಮ್ಮಕ್ಕನಿಗೆ ಹೇಳಬೇಡ."

ನಾನು ಹೇಳಲಿಲ್ಲ. ಆದರೆ ಆ ದಿನದಿಂದ ಭಾವ ಭಯವನ್ನೇ ಉಂಡು ಭಯವನ್ನೇ ಹೊದ್ದು ಮಲಗುವ ಹಾಗಾದರು. ಬೀದಿ ದಾಟುವಾಗ ಕೋಳಿಯ ಹಾಗೆ ಕತ್ತು ಹೊರಳಿಸುವರು. ಒಮ್ಮೆ ಎಡಗಡೆಯಿಂದ ಬಂದ ಸೈಕಲ್ಲಿಗೆ ಅಡ್ಡ ಹೋಗಿ, ಬೈಗುಳ ತಿಂದು, ನನ್ನ ಅಂಗಡಿಯ ಕಟ್ಟೆಯ ಮೇಲೆ ನಡುಗುತ್ತಾ ಕೂತಿದ್ದರು. ಗಿರಾಕಿಗಳು ಬಂದರೆ "ಆಮೇಲೆ ನೋಡಿ ಹೇಳ್ತೀನಿ" ಅಂತ ಸಾಗಹಾಕುವರು. ಹಾಡು ಹಾಕುವುದನ್ನೇ ಬಿಟ್ಟರು. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಹೋದ್ರೆ ಹೆಸರಿಟ್ಟುಬಿಡ್ತಾರೆ" ಅಂದರು. ಹೆಸರಿಡುವ ತನಕ ರೋಗವಿಲ್ಲ ಅನ್ನುವುದು ಅವರ ಲೆಕ್ಕ.

ಅಕ್ಕನಿಗೆ ಮೂಗಿನ ತುದಿಯಲ್ಲಿ ಕೋಪ. ಕರೆದರೆ ಓಗೊಡುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ ಅಂತ ಜಗಳ ತೆಗೆದಳು. ಆಮೇಲೆ ಅವಳಿಗೇ ಏನೋ ಹೊಳೆದಿರಬೇಕು. ಒಂದು ಬೆಳಿಗ್ಗೆ ಭಾವ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿದ್ದಾಗ ಎಡಗಡೆಯಿಂದ ಹತ್ತಿರ ಬಂದು ಮಾಮೂಲಿ ದನಿಯಲ್ಲಿ, "ರೀ, ಮನೆಗೆ ಬೆಂಕಿ ಬಿದ್ದಿದೆ" ಅಂದಳಂತೆ. ಭಾವ ಬೆಣ್ಣೆ ಸವರುತ್ತಲೇ ಇದ್ದರು. ಬಲಗಡೆಗೆ ಬಂದು, "ಇನ್ನೊಂದು ಬ್ರೆಡ್ ಬೇಕಾ?" ಅಂದಳು. "ಸಾಕು" ಅಂದರು. ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಬಂದು, ಗಂಡನ ಚಪ್ಪಲಿ ತಂದು ಮುಂದಿಟ್ಟು, "ಏಳಿ, ಆಸ್ಪತ್ರೆಗೆ" ಅಂದಳು.

ಡಾಕ್ಟರಮ್ಮ ಒಂದು ಗಾಜಿನ ಕೋಣೆಯಲ್ಲಿ ಅವರನ್ನು ಕೂರಿಸಿ ಪರೀಕ್ಷೆ ಮಾಡಿದರು. ಬಲಗಿವಿ ವಯಸ್ಸಿಗೆ ತಕ್ಕಂತಿದೆ, ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಒಂದೇ ಕಡೆ ಹೀಗಾದರೆ ತಲೆಯೊಳಗಿನ ಚಿತ್ರ ತೆಗೆದು ನೋಡಲೇಬೇಕು ಅಂದರು. ಸ್ಕ್ಯಾನಿಗೆ ಸರದಿ ಸಿಗುವ ತನಕ ಕಾಯಬೇಕಾಗಿತ್ತು. ಆ ಕಾಯುವಿಕೆಯಲ್ಲಿ ಅಕ್ಕನೂ ಸಣ್ಣಗಾದಳು. ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆಯನ್ನು ಸುಮ್ಮನೆ ಹಿಡಿದುಕೊಂಡಿರುತ್ತಿದ್ದಳು.

ಹೀಗಿರುವಾಗ ದೊಡ್ಡಮ್ಮ ನನ್ನ ಅಂಗಡಿಗೆ ಬಂದಳು, ಕಪಾಟಿನ ಬೀಗದ ಕೈ ಮಾಡಿಸಲು. "ಸೂಜಿಯಪ್ಪನ ಪುಣ್ಯ!" ಅಂದಳು. "ಬಂದೋರಿಗೆಲ್ಲ ರೆಕಾರ್ಡು ಹಾಕಿ ಕೇಳಿಸ್ತೀನಿ. ದಿನಾ ಹಾಕ್ತೀನಿ."

"ನಿಮ್ಮ ಹಳೇ ಪ್ಲೇಯರಲ್ಲೇನಮ್ಮ?"

"ಮತ್ತೆಲ್ಲಿ? ಚರ್ ಅನ್ನುತ್ತೆ, ಅನ್ಲಿ. ಅದು ನನ್ನ ದನೀಂತ ಗೊತ್ತಾಗಿದೆಯಲ್ಲ."

"ಕೊಕ್ಕರೆಯಮ್ಮ ಹೇಗಿದಾರೆ?"

ದೊಡ್ಡಮ್ಮನ ಮುಖ ಸ್ವಲ್ಪ ಮಂಕಾಯಿತು. "ಆಮೇಲೆ ಈ ಕಡೆ ಬಂದಿಲ್ಲ. ಆಪರೇಷನ್ನೇ ಬೇಡ ಅಂತಾಳಂತೆ. ಯಾವುದಕ್ಕೆ ಬದುಕಬೇಕು ಅಂತಾಳಂತೆ. ಮೊದಲಿಂದ್ಲೂ ಅವಳಿಗೆ ಹಟ."

ಹಲಗೆಯ ಆಚೆ ಏನೋ ಬಿದ್ದ ಸದ್ದಾಯಿತು. ಅವಳು ಹೋದ ಮೇಲೆ ಹೋಗಿ ನೋಡಿದರೆ ಭಾವ ಬಲಗಿವಿಯನ್ನು ಹಲಗೆಗೆ ಆನಿಸಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ನಾನು ಬಲಗಡೆ ಅಂದೆ" ಅಂದರು. "ನನಗೆ ಎಲ್ಲಾನೂ ಬಲಗಡೇನೇ ಕೇಳೋದು. ಅವತ್ತು ಆ ದನಿ ಎಲ್ಲಿಂದ ಬಂತೋ ನನಗೆ ಗೊತ್ತೇ ಇಲ್ಲ. ಆ ಯಮ್ಮ ಸಾಯಕ್ಕೆ ಕೂತಿದಾಳೆ. ಈ ಯಮ್ಮ ದಿನಾ ಗೋಲಿ ಸೂಜೀಲಿ ಆ ಗೋಡೇನ ಅರೀತಿದಾಳೆ. ನಾಳೆ ಕೇಳೋಕೆ ಏನೂ ಉಳಿಯಲ್ಲ."

ಹೋಗಿ ಹೇಳಿಬಿಡಿ ಅಂದೆ. ಹೊರಟರು. ಮಧ್ಯಾಹ್ನ ನೋಡಿದರೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರು. ಬಸ್ಸುಗಳು ಬಂದು ಹೋಗುತ್ತಿದ್ದವು. ಸೂಜಿಯಪ್ಪ ಕಿವುಡ ಅಂತ ಒಮ್ಮೆ ಬಾಯಿಗೆ ಬಂದರೆ ಅಂಗಡಿಯ ಬಾಗಿಲು ಮುಚ್ಚಿದ ಹಾಗೆಯೇ. ನಾನು ಅಕ್ಕನನ್ನು ಕರೆತಂದೆ. ಅವಳು ಅವರ ಬಲಗಡೆಗೆ ಕೂತು ಹೇಳಿದಳು: "ಎರಡು ಭಯ ಹೊತ್ಕೊಂಡು ಕೂತಿದೀರಿ. ಒಂದು ಡಾಕ್ಟರ ಕೈಲಿದೆ, ಅದನ್ನ ಅಲ್ಲೇ ಬಿಡಿ. ಇನ್ನೊಂದು ನಿಮ್ಮ ಕೈಲಿದೆ. ಇವತ್ತೇ ಮುಗಿಸೋಣ. ನಾನೂ ಬರ್ತೀನಿ, ಇವನೂ ಬರ್ತಾನೆ."

ದೊಡ್ಡಮ್ಮನ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಆ ಹಾಡು ಕೇಳಿಸಿತು, ಕೊನೆಗೆ ಬಂದಾಗ ಕಾದ ಬಾಣಲೆಗೆ ನೀರು ಬಿದ್ದಂಥ ಸದ್ದು. ಭಾವ ಗೋಡೆ ಹಿಡಿದು ನಿಂತರು.

ಒಳಗೆ ಹೋಗಿ ಹೇಳಿದರು. ತಡವರಿಸುತ್ತಾ, ಕೈ ಹಿಸುಕಿಕೊಳ್ಳುತ್ತಾ, ಆದರೂ ಪೂರ್ತಿ ಹೇಳಿದರು. ದೊಡ್ಡಮ್ಮ ಕೆಂಡವಾದಳು. "ಕಿವುಡ ಅಂತ ಗೊತ್ತಿದ್ದೂ ನ್ಯಾಯ ಹೇಳಿದ್ಯಾ?"

"ಗೊತ್ತಿರಲಿಲ್ಲಮ್ಮ. ಗೊತ್ತಾದ ದಿನದಿಂದ ನಾನು ನಿದ್ದೆ ಮಾಡಿಲ್ಲ."

"ನಾನು ಕೊಡಲ್ಲ" ಅಂತ ಅವಳು ರೆಕಾರ್ಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು, ನಾನೇ ಮಾಡಿಕೊಟ್ಟ ಹೊಸ ಬೀಗದ ಕೈಯಿಂದ. ಆ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳ ದನಿ ಬೇರೆಯಾಗಿತ್ತು. "ಅದು ಅವಳದೇ ಆಗಿಬಿಟ್ಟಿದ್ರೆ? ಗಿರಣೀಲಿ ಸವೆದಿದ್ದು ಬಿಟ್ರೆ ನನ್ನದು ಅನ್ನೋದು ಇದೊಂದೇ."

ಅಕ್ಕ ನೆಲದ ಮೇಲೆ ಅವಳ ಪಕ್ಕ ಕೂತಳು. "ಆಗಿದ್ರೆ ನೀವೊಬ್ಬರೇ ಅದನ್ನ ಅವರಿಗೆ ಹೇಳಬಹುದಾದೋರು, ದೊಡ್ಡಮ್ಮ. ಬೇರೆ ಯಾರು ಹೇಳಿದ್ರೂ ಆ ಯಮ್ಮ ನಂಬಲ್ಲ." ದೊಡ್ಡಮ್ಮ ಕಪಾಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿದಳು.

ಅಂಗಡಿಗೆ ತಂದು ಭೂತಗನ್ನಡಿಯಲ್ಲಿ ನೋಡಿದಾಗ ಆ ಬೂದಿಬಣ್ಣ ಇನ್ನೂ ಅಗಲವಾಗಿತ್ತು. ಮೊಟ್ಟೆಯಾಕಾರದ ಮೊನೆ ಇಳಿಯುವ ಜಾಗವೂ ಈಗ ಸವೆದುಹೋಗಿತ್ತು. ಅಲಗಿನ ಮೊನೆಯೊಂದೇ ಉಳಿದ ದಾರಿ. ಭಾವ ಅದಿದ್ದ ಪುಟ್ಟ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು, ಹಾವಿನ ಬುಟ್ಟಿಯನ್ನು ನೋಡುವ ಹಾಗೆ ನೋಡುತ್ತಾ ಕೂತರು.

"ನಾನು ಇದನ್ನ ಕಿವಿಯಿಂದ ಸರಿಮಾಡ್ತಿದ್ದೆ" ಅಂದರು. "ಎರಡೂ ಕಡೆ 'ಸ' ಅಕ್ಷರ ಒಂದೇ ಥರ ಕೇಳಬೇಕು. ಒಂದು ಕಡೆ ಉಗುಳಿದ ಹಾಗಿದ್ರೆ ಸೊಟ್ಟಗಿದೆ ಅಂತ. ಈಗ ಹೇಗೆ ಮಾಡ್ಲಿ?"

"ನನ್ನ ಕಿವಿ ಇಲ್ವಾ?" ಅಂದಳು ಅಕ್ಕ. "ಇಷ್ಟು ವರ್ಷ ನಿಮ್ಮ ಗೊಣಗಾಟ ಕೇಳಿದ ಕಿವಿ, 'ಸ' ಕೇಳಲ್ವಾ?"

ಹಳೆಯದೊಂದು ರೆಕಾರ್ಡಿನ ಮೇಲೆ ಅಭ್ಯಾಸ ಶುರುವಾಯಿತು. ಸೂಜಿಯ ಕೆಳಗೆ ಪುಟ್ಟ ಕನ್ನಡಿ ಇಟ್ಟು, ಮೊನೆಯೂ ಅದರ ಪ್ರತಿಬಿಂಬವೂ ಒಂದೇ ನೇರಕ್ಕೆ ಬರುವ ತನಕ ಭಾವ ಸ್ಕ್ರೂ ತಿರುಗಿಸಿದರು. ನಾನು ದೀಪ ಹಿಡಿದಿದ್ದೆ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು.

"ಎಡಗಡೆ ಉಗೀತಿದೆ."

"ಈಗ?"

"ಇನ್ನೂ. ಹೋದ್ಸಲಕ್ಕಿಂತ ಜಾಸ್ತಿ."

ಭಾವ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. "ಈಗ?"

"ಈಗ ಎರಡೂ ಒಂದೇ. ಬಿಡಿ, ಇನ್ನು ಮುಟ್ಟಬೇಡಿ."

ಕೊಕ್ಕರೆಯನ್ನು ಕರೆತರಲು ದೊಡ್ಡಮ್ಮನೇ ಹೋದಳು. ಇಬ್ಬರೂ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊಕ್ಕರೆ ಇನ್ನಷ್ಟು ಸೊರಗಿದ್ದಳು. ಭಾವ ಅವಳ ಮುಂದೆ ನಿಂತು ತಪ್ಪಾಯಿತು ಅಂದರು. ಅವಳು ತಲೆಯಾಡಿಸಿದಳು, ಅಷ್ಟೇ.

ಎರಡು ಸ್ಪೀಕರುಗಳನ್ನು ಒಟ್ಟಿಗೆ ಹಾಕುವುದು ಬೇಡ ಅಂತ ಭಾವ ತೀರ್ಮಾನಿಸಿದ್ದರು. ಒಂದು ಸಲಕ್ಕೆ ಒಂದೇ ಕಡೆ. ಆಗ ಮೂಲೆ ಹುಡುಕುವ ಕೆಲಸವಿಲ್ಲ, ಯಾರ ಕಿವಿ ಎಷ್ಟೇ ಮಂದವಾಗಿದ್ದರೂ ದನಿ ಇದೆಯೋ ಇಲ್ಲವೋ ತಿಳಿಯುತ್ತದೆ.

"ಮೊದಲು ನನ್ನ ಕಡೇದು" ಅಂದಳು ದೊಡ್ಡಮ್ಮ.

ಭಾವ ಸೂಜಿಯನ್ನು ರೆಕಾರ್ಡಿನ ಮೇಲೆ ತಂದು ನಿಲ್ಲಿಸಿದರು. ಇಳಿಸಲಾಗಲಿಲ್ಲ. ಹಿಂದಕ್ಕೆ ತಂದರು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ತಂದರು. ಆ ಮೊನೆ ಗೀರಿಗೆ ತಾಗಿದಾಗ ಭಾವ ಮುಖ ಆಚೆ ತಿರುಗಿಸಿಕೊಂಡರು.

ಚರ್ರನೆಯ ಸದ್ದು ಇರಲಿಲ್ಲ. ಕಿಟಕಿಯ ಧೂಳು ಒರೆಸಿದ ಹಾಗೆ ಹೆಂಗಸರ ದನಿಗಳು ಸ್ವಚ್ಛವಾಗಿ ಬಂದು ನಿಂತವು. ಆಮೇಲೆ ಬಲಗಡೆಯಿಂದ ಒಂದು ದನಿ ಏರಿತು. ದೊಡ್ಡಮ್ಮನ ತುಟಿ ಅದರ ಜತೆ ಅಲುಗುತ್ತಿತ್ತು. ಏರಿತು, ಇನ್ನೂ ಏರಿತು, ಅಲ್ಲಿ ಸಣ್ಣದಾಗಿ ಒಡೆಯಿತು. ಗುಟುಕು ನುಂಗಿದ ಸದ್ದು. ಆಮೇಲೆ ಆ ಕಡೆ ಏನೂ ಇಲ್ಲ, ಎಲ್ಲೋ ದೂರದಲ್ಲಿ ಯಾರೋ ಹಾಡುತ್ತಿರುವ ನೆರಳಿನಂಥದ್ದು ಬಿಟ್ಟರೆ.

ಭಾವ ಸೂಜಿ ಎತ್ತಿ, ಗುಂಡಿ ತಿರುಗಿಸಿ, ಎಡಗಡೆಯದನ್ನು ಹಾಕಿದರು. ಅದೇ ಜಾಗ. ದನಿ ಏರಿತು. ಒಡೆಯಬೇಕಾದ ಕಡೆ ಒಡೆಯಲಿಲ್ಲ. ಮೇಲಕ್ಕೆ ಹೋಗಿ ತುದಿಯಲ್ಲಿ ನಿಂತಿತು. ಅಲುಗದೆ ನಿಂತೇ ಇತ್ತು.

ಕೊಕ್ಕರೆ ಗಂಟಲ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ದೊಡ್ಡಮ್ಮ ನೆಲ ನೋಡುತ್ತಿದ್ದಳು. "ನಾನು ಸುಳ್ಳು ಹೇಳಿದ್ದಲ್ಲ ಕಣೇ" ಅಂದಳು. "ನನ್ನ ಗಂಟಲಿಂದ ಅದು ಹೋಗಿದ್ದು ನನಗೆ ನೆನಪಿದೆ. ಈಗ್ಲೂ ನೆನಪಿದೆ. ಆದ್ರೆ ಅದು ನಿಂದೇ."

"ಅರ್ಧ ದಾರಿ ನೀನೂ ಬಂದಿದ್ಯಲ್ಲ" ಅಂತ ಕೊಕ್ಕರೆ ಪಿಸುಗುಟ್ಟಿದಳು. "ಸಾಮಾನ್ಯಾನಾ? ಆ ಮೇಷ್ಟ್ರ ಹೊಡೆತಕ್ಕೆ ಉಳಿದೋರು ಕಾಲು ದಾರೀನೂ ಬರಲಿಲ್ಲ."

ದೊಡ್ಡಮ್ಮ ನಗುವುದಕ್ಕೆ ಹೋಗಿ ಅತ್ತಳು. ಕೊಕ್ಕರೆ ಆಪರೇಷನ್ನಿಗೆ ಒಪ್ಪಿಕೊಂಡಳು. ಅದು ಹೇಗೋ ದಾಟಿತು. ಪಿಸುಮಾತು ಕೂಡ ಇನ್ನಷ್ಟು ಸಣ್ಣಗಾಯಿತು, ಜೀವ ಉಳಿಯಿತು. ರೆಕಾರ್ಡು ಅವಳದಾದರೂ ಅವಳ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ದೊಡ್ಡಮ್ಮನ ಮನೆಯಲ್ಲೇ ಇಟ್ಟು, ಅಲ್ಲಿಗೇ ಹೋಗಿ ಕೇಳುತ್ತಾಳೆ. ದೊಡ್ಡಮ್ಮನ ಪ್ಲೇಯರಿಗೆ ಭಾವ ಮೊಟ್ಟೆಯಾಕಾರದ ಮೊನೆ ಹಾಕಿ, ಭಾರ ಇಳಿಸಿಕೊಟ್ಟಿದ್ದಾರೆ. ಕೊನೆಯಲ್ಲಿ ಗರಗರ ಇದೆ, ಗೋಡೆ ಮಾತ್ರ ಮೊದಲಿನಷ್ಟು ಸವೆಯುವುದಿಲ್ಲ. ಅಲಗಿನ ಮೊನೆಯನ್ನು ಅಲ್ಲಿ ಬಿಡುವ ಧೈರ್ಯ ಅವರಿಗೆ ಬರಲಿಲ್ಲ.

ಅವರ ಸ್ಕ್ಯಾನಿನ ದಿನ ನಾನೂ ಜತೆಗೆ ಹೋಗಿದ್ದೆ. ಆ ಸುರಂಗದಂಥ ಯಂತ್ರವನ್ನು ಕಂಡು ಭಾವ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಮಲಗಿಸಿದಾಗ ಅಕ್ಕ ಅವರ ಕಾಲಿನ ಹೆಬ್ಬೆರಳು ಹಿಡಿದುಕೊಂಡು ನಿಲ್ಲಲು ಅನುಮತಿ ಕೇಳಿ ಪಡೆದಳು. ಒಳಗೆ ಸುತ್ತಿ ಬಡಿಯುವ ಸದ್ದು ಬಲಗಿವಿಗೆ ಮಾತ್ರ ಕೇಳಿಸುತ್ತಿತ್ತಂತೆ. ಎಡಗಡೆ ಯಾರೋ ಬಾಗಿಲು ಹಾಕಿಕೊಂಡು ಕೂತ ಹಾಗಿತ್ತಂತೆ.

ಗಡ್ಡೆ ಇತ್ತು. ಕಿವಿಯ ನರದ ಮೇಲೆ, ಬಟಾಣಿಗಿಂತ ಚಿಕ್ಕದು. ಕೆಟ್ಟ ಜಾತಿಯದಲ್ಲ, ಬಲು ನಿಧಾನವಾಗಿ ಬೆಳೆಯುವಂಥದ್ದು, ಸದ್ಯಕ್ಕೆ ಮುಟ್ಟುವುದು ಬೇಡ, ವರ್ಷಕ್ಕೊಮ್ಮೆ ನೋಡುತ್ತಿರೋಣ ಅಂದರು ಡಾಕ್ಟರಮ್ಮ. ದೊಡ್ಡಪ್ಪನದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತಲೂ ಹೇಳಿದರು. ಹೋದ ಕಿವಿ ವಾಪಸ್ ಬರುವುದಿಲ್ಲ.

"ಬಲಗಡೆಗೂ ಬರುತ್ತಾ?" ಅಂತ ಭಾವ ಕೇಳಿದರು.

"ಸಾಮಾನ್ಯವಾಗಿ ಬರಲ್ಲ."

ಅಕ್ಕ ನಿಟ್ಟುಸಿರು ಬಿಟ್ಟಳು. ಭಾವ ದಾರಿಯುದ್ದಕ್ಕೂ, "ಸಾಮಾನ್ಯವಾಗಿ ಅಂದ್ರಲ್ಲ, ಸಾಮಾನ್ಯವಾಗಿ ಅಂದ್ರಲ್ಲ" ಅನ್ನುತ್ತಲೇ ಬಂದರು.

ಅವರೇ ಗಿರಾಕಿಗಳಿಗೆಲ್ಲ ಹೇಳಿಬಿಟ್ಟರು. ಕೆಲವರು ಬೇರೆ ಕಡೆ ಹೋದರು, ಕೆಲವರು ಉಳಿದರು. ಅಕ್ಕ ಮಧ್ಯಾಹ್ನದ ಹೊತ್ತು ಹೊಲಿಗೆ ತೆಗೆದುಕೊಂಡು ಅಂಗಡಿಗೆ ಬಂದು ಅವರ ಎಡಗಡೆಗೆ ಕೂರುತ್ತಾಳೆ. ಭಾವನ ಹಾಗೆ ನಯವಾಗಿ ಹೇಳುವುದು ಅವಳಿಗೆ ಬರುವುದಿಲ್ಲ. "ಇದು ಬೆಕ್ಕಿನ ಜಗಳ ಇದ್ದಂಗಿದೆ, ಬೇರೆ ಹಾಕಿ" ಅನ್ನುತ್ತಾಳೆ. ಗಿರಾಕಿಗಳು ನಗುತ್ತಾರೆ, ಆದರೆ ಅವಳು ಹೇಳಿದ್ದು ಹೆಚ್ಚಾಗಿ ಸರಿಯಿರುತ್ತದೆ.

ಮೊನ್ನೆ ನಾವಿಬ್ಬರೇ ಕೂತಿದ್ದಾಗ, "ಭಾವ, ಈಗ ಸ್ವಲ್ಪ ಧೈರ್ಯ ಬಂತಾ?" ಅಂತ ಕೇಳಿದೆ.

"ಧೈರ್ಯ ಎಲ್ಲಿಂದ ಬರುತ್ತೋ?" ಅಂದರು. "ಬೆಳಿಗ್ಗೆ ಎಚ್ಚರ ಆದ ತಕ್ಷಣ ಕಣ್ಣು ಬಿಡಲ್ಲ. ಸುಮ್ನೆ ಮಲಗಿರ್ತೀನಿ. ಕಿಟಕಿ ಹೊರಗೆ ಹಕ್ಕಿ ಕೂಗೋ ತನಕ ಎದೆ ಹೊಡ್ಕೋತಾ ಇರುತ್ತೆ. ಕೂಗಿದ್ರೆ ಎದ್ದು ಹಲ್ಲುಜ್ಜೋಕೆ ಹೋಗ್ತೀನಿ."

"ಹಕ್ಕಿ ಕೂಗದಿದ್ರೆ?"

"ನಿಮ್ಮಕ್ಕನ್ನ ಎಬ್ಬಿಸ್ತೀನಿ. ಬೈತಾಳೆ. ಅದು ಕೇಳಿಸಿದ್ರೆ ಸಾಕು."